ಸಿಂಹದ ತಲೆಗೊಂದು ಕೊಂಡಿ

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ನರಿ ಕೂಗುತ್ತಿತ್ತು. ನಮ್ಮಪ್ಪನಿಗೆ ಮಾತ್ರ ಅದಕ್ಕಿಂತ ದೊಡ್ಡ ಪ್ರಾಣಿಯ ಚಿಂತೆ. ಅವರ ಬೀರುವಿನಲ್ಲಿ ಕುಂಪಣಿ ಕಾಲದ ಒಂದು ಚಿನ್ನದ ನಾಣ್ಯ, ಮೊಹರು, ಇತ್ತು: ಒಂದು ಕಡೆ ರಾಣಿ, ಇನ್ನೊಂದು ಕಡೆ ತಾಳೆಮರದ ಮುಂದೆ ನಡೆದುಹೋಗುವ ಸಿಂಹ.

ಅದನ್ನು ಸಂಪಾದಿಸಲು ಅಪ್ಪ ಕೊಟ್ಟದ್ದು ಅಮ್ಮನ ಕಾಸಿನ ಸರವನ್ನು. ತವರಿನವರು ಮದುವೆಯಲ್ಲಿ ಹಾಕಿದ್ದ ಸರ. ಕಾಸಿನ ಸರ ಎಲ್ಲರ ಮನೆಯಲ್ಲೂ ಇರುತ್ತದೆ, ಸಿಂಹ ಯಾರ ಮನೆಯಲ್ಲಿದೆ ಎಂಬುದು ಅವರ ವಾದ. ಆಮೇಲೆ ಅಮ್ಮ ಯಾರ ಮದುವೆಗೆ ಹೋದರೂ ಕೊರಳು ಕಾಣದಂತೆ ಸೆರಗು ಹೊದ್ದು ಹೋಗುತ್ತಿದ್ದರು. ಆ ಸಿಂಹದ ಮೇಲೆ ನನಗೆ ಕೆಟ್ಟ ಕೋಪವಿತ್ತು. ಅಪ್ಪ ಬಂದವರಿಗೆಲ್ಲ ಭೂತಗನ್ನಡಿಯಲ್ಲಿ ಅದರ ಬಾಲದ ಕುಚ್ಚು ತೋರಿಸಿ ವನ್ಯಮೃಗಗಳ ಬಗ್ಗೆ ಭಾಷಣ ಬಿಗಿಯುತ್ತಿದ್ದರು. ಅವರು ಕಂಡಿದ್ದ ಸಿಂಹ ಮೈಸೂರಿನ ಮೃಗಾಲಯದ್ದೊಂದೇ, ಅದೂ ಮಲಗಿತ್ತಂತೆ. ಹೆಂಗಸರು ಮೊಹರು ಮುಟ್ಟುವಂತಿರಲಿಲ್ಲ. ಕೈಬೆವರಿಗೆ ನಾಣ್ಯ ಕೆಡುತ್ತದಂತೆ. ಗಂಡಸರ ಕೈ ಬೆವರುವುದೇ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ.

ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ, ದೇವಿಗೆ ಇಡಲು ಗುಲಗಂಜಿಯಷ್ಟೂ ಚಿನ್ನವಿಲ್ಲವೆಂದು ಅಮ್ಮ ಮೊಹರು ಕೇಳಿದರು. ಲಕ್ಷ್ಮಿಗೆ ಇಲ್ಲವೆನ್ನುವ ಧೈರ್ಯ ಸಾಲದೆ ಅಪ್ಪ ಹಿಂದಿನ ದಿನವೇ ತೆಗೆದುಕೊಟ್ಟರು. ತಟ್ಟೆಯಲ್ಲಿಡುತ್ತಾಳೆ ಎಂದುಕೊಂಡಿದ್ದರು. ದೇವಿಯ ಒಡವೆಯನ್ನು ಯಾರಾದರೂ ತಟ್ಟೆಯಲ್ಲಿಡುತ್ತಾರೆಯೇ? ಕಳಶದ ಕೊರಳಿಗೇ ಹಾಕಬೇಕು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಒಡವೆ ಮಾಡಬಾರದೆಂಬ ಕಾನೂನು ಬಂದು ಕೆಲಸವಿಲ್ಲದೆ ಕೂತಿದ್ದ ಸಿದ್ದಾಪುರದ ಅಕ್ಕಸಾಲಿ, ಅಮ್ಮ ಕೇಳಿದ್ದೇ ತಡ, ಸಿಂಹದ ತಲೆಯ ಮೇಲೆ ಸಂತೋಷವಾಗಿ ಒಂದು ಕೊಂಡಿ ಬೆಸೆದುಕೊಟ್ಟ.

ಹಬ್ಬದ ದಿನ ಅಪ್ಪ ಬಸವನಗುಡಿಯ ಹಿರಿಯ ನಾಣ್ಯಸಂಗ್ರಾಹಕರೊಬ್ಬರನ್ನು ಊಟಕ್ಕೆ ಕರೆದಿದ್ದರು. ಅವರಿಂದ ಭೇಷ್ ಎನ್ನಿಸಿಕೊಳ್ಳಬೇಕೆಂದು ಎಷ್ಟೋ ದಿನದ ಆಸೆ. ಅವರು ಕನ್ನಡಕ ಏರಿಸಿ, ಕಳಶದ ಮುಂದೆ ಬಗ್ಗಿ ನೋಡಿದರು.

"ಕೊಂಡಿ ಹಾಕ್ಸಿಬಿಟ್ಟಿದ್ದೀರಲ್ಲ ಸ್ವಾಮಿ. ಇನ್ನು ಇದು ನಾಣ್ಯ ಅಲ್ಲ, ಬರೀ ಒಡವೆ."

ಅಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕೊಂಡಿ ಕಿತ್ತರೆ ಸರಿಹೋಗುವುದೇ ಎಂದು ಕೇಳಿದರು. ಕಲೆ ಉಳಿಯುತ್ತದೆ, ಪ್ರಯೋಜನವಿಲ್ಲ ಎಂದು ಹೇಳಿ ಅತಿಥಿಗಳು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಅಮ್ಮ ಅವರಿಗೆ ಇನ್ನೊಂದು ಒಬ್ಬಟ್ಟು ಬಡಿಸಿದರು.

ಮಾರನೆಯ ದಿನ ಕಳಶ ಕದಲಿಸಿದ ಮೇಲೆ ಅಪ್ಪ ಮೊಹರಿಗೆ ಕೈಚಾಚಿದರು. ಅಮ್ಮ ಆಗಲೇ ಅದನ್ನು ಕರಿಮಣಿ ಸರಕ್ಕೆ ಪೋಣಿಸುತ್ತಿದ್ದರು.

"ಅಷ್ಟು ದೊಡ್ಡೋರೇ ಹೇಳಿದ್ರಲ್ಲ, ಒಡವೆ ಅಂತ," ಎಂದರು. "ಒಡವೆ ನಂದು ತಾನೇ?"

ಅಪ್ಪ ಭೂತಗನ್ನಡಿ ಒರೆಸುತ್ತ ಕೂತರು. ಮುಂದಿನ ತಿಂಗಳು ನೆಂಟರ ಮನೆಯ ಮದುವೆಗೆ ಅಮ್ಮ ಸೆರಗು ಹೊದೆಯಲಿಲ್ಲ.