ಹುಣ್ಣಿಮೆಗೆ ಮುಂಚಿನ ಚರಗ

ಮೊದಲು ಕೈಗೆ ಕರೆಂಟು ಹೊಡೆದದ್ದು ಹಾಲಿನ ಡಬ್ಬಿ. ಫ್ರಿಡ್ಜಿನಿಂದ ತೆಗೆದೆ. ಬಿತ್ತು. ಬೆರಳ ತುದಿಗೆಲ್ಲ ಸೂಜಿ ಚುಚ್ಚಿದ ಹಾಗಾಯಿತು.

ಮೊದಲ ಕೀಮೋ ಮುಗಿಸಿ ಮನೆಗೆ ಬಂದ ಸಂಜೆ ಅದು. ಬೇಸಿಗೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಈ ಔಷಧಿಗೆ ನರಗಳು ತಂಪು ತಾಳುವುದಿಲ್ಲ, ತಣ್ಣಗಿನದನ್ನು ಮುಟ್ಟಬೇಡಿ ಎಂದು ಡಾಕ್ಟರಮ್ಮ ಹೇಳಿಯೇ ಇದ್ದರು. ನಾನು ಅದನ್ನು ನಮ್ಮ ಕಡೆ ಬಾಣಂತಿಗೆ ಹೇಳುವ ಬುದ್ಧಿಮಾತು ಎಂದುಕೊಂಡೆ. ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಜಾಣೆಯಂತೆ ಕೂತಿದ್ದೆ. ಕೈ ಮಾತ್ರ ಬರಿಗೈ.

ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನ ನಮ್ಮ ಬಾಡಿಗೆ ಮನೆಯ ಹಿಂದೆ ಎರಡು ಮಂಚ ಹಾಕುವಷ್ಟು ಗಾರ್ಟನ್, ಅಂದರೆ ಕೈತೋಟ, ಇದೆ. ಚಳಿಗಾಲದ ಕೊನೆಗೆ ಹೀಟರಿನ ಮೇಲಿನ ಕಿಟಕಿಕಟ್ಟೆಯಲ್ಲಿ ಬದನೆ, ಮೆಣಸಿನ ಸಸಿ ಮಾಡಿದವಳು ನಾನು. ಆಗ ರೋಗದ ಸುದ್ದಿಯೇ ಇರಲಿಲ್ಲ. ಅವು ಕಾಯಿ ಬಿಡುವ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ. ನೀರು ಹಾಕಿದವರು ನನ್ನ ಗಂಡ ಶಿವಾನಂದ.

ಅಕ್ಟೋಬರ್ ಬಂತು. ಅಡುಗೆಮನೆಯ ಗಾಜಿನ ಬಾಗಿಲ ಹಿಂದೆ ನಿಂತು ಬದನೆಕಾಯಿ ನೋಡುವುದೇ ನನ್ನ ಕೆಲಸವಾಯಿತು. ತವರಿಗಾಗಿಯೂ ಇಷ್ಟು ಹಂಬಲಿಸಿದವಳಲ್ಲ ನಾನು. ಒಂದೇ ಒಂದು ಕಾಯಿಯನ್ನು ನನ್ನ ಕೈಯಾರೆ ಹರಿಯಬೇಕು, ತೊಟ್ಟಿನ ಮುಳ್ಳು ಬೆರಳಿಗೆ ತಾಗಬೇಕು. ಅಷ್ಟೇ.

ಶನಿವಾರ ರಾತ್ರಿ ಫ್ರಾಸ್ಟ್, ಇಬ್ಬನಿ ಹೆಪ್ಪುಗಟ್ಟುವ ಚಳಿ, ಎಂದು ಫೋನು ತೋರಿಸಿತು.

ಫ್ರಾಸ್ಟ್ ಬಡಿದರೆ ಬೆಳಗಾಗುವಷ್ಟರಲ್ಲಿ ಗಿಡ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ಶನಿವಾರ ಸಂಜೆ ಶಿವಾನಂದ ಬುಟ್ಟಿ ಹಿಡಿದು ಹೊರಟರು. ನಾನು ತಡೆದೆ. ಶೀಗಿ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಅಂದು ಬೆಳೆ ಹೊತ್ತ ಹೊಲ ನಮಗೆ ಬಸುರಿ. ಅವಳ ಬಯಕೆಗೆ ಅಡುಗೆ ಮಾಡಿ ಹೊಲದ ತುಂಬ ಚೆಲ್ಲುತ್ತೇವೆ, ಅದೇ ಚರಗ. ಚರಗ ಚೆಲ್ಲದೆ ನನ್ನವ್ವ ಒಂದು ಕಾಯಿಯನ್ನೂ ಹರಿಯಗೊಡುತ್ತಿರಲಿಲ್ಲ. ಈ ವರ್ಷ ನನಗೆ ನಿಯಮ ಮುರಿಯಲು ಧೈರ್ಯವಿರಲಿಲ್ಲ. ಹೆದರಿದವಳಿಗೆ ಹಗ್ಗವೂ ಹಾವೇ.

ಇಂಥದ್ದಕ್ಕೆಲ್ಲ ನಗುವ ಮನುಷ್ಯ ಅಂದು ನಗಲಿಲ್ಲ. ಬುಟ್ಟಿ ಕೆಳಗಿಟ್ಟರು.

"ಹಂಗಾರ ಹುಣ್ಣಿವಿ ಇವತ್ತ ಬಂತು ಅಂತ ತಿಳಕೋ. ಬಯಕಿಗೆ ಕ್ಯಾಲೆಂಡರ್ ಎಲ್ಲೈತಿ?"

ತಾವೇ ಒಲೆ ಹಚ್ಚಿದರು. ರೊಟ್ಟಿ ಯಾವ ದೇಶದ ನಕಾಶೆಯೋ ತಿಳಿಯದಂತಿತ್ತು. ಅನ್ನ, ರೊಟ್ಟಿ, ಪಲ್ಯ ಕಲಸಿ ಬಿಸಿಬಿಸಿಯಾಗಿ ಬಟ್ಟಲಲ್ಲಿ ಕೊಟ್ಟರು. ಶಾಲು, ಎರಡು ಜೊತೆ ಸಾಕ್ಸು, ಮೂಗಿನ ಮೇಲೆ ಸ್ಕಾರ್ಫು ಹಾಕಿಕೊಂಡು ಬಾಗಿಲು ದಾಟಿದೆ. ಬಿಸಿ ಅನ್ನದೊಳಗೆ ಕೈ ಹಾಕಿದರೆ ಬೆರಳು ನೋಯಲಿಲ್ಲ. ಗಿಡಗಳ ಬುಡಕ್ಕೆ ಚೆಲ್ಲುತ್ತ ಹೋದೆ. ನಾಲ್ಕು ಹಿಡಿ ಚೆಲ್ಲುವಷ್ಟರಲ್ಲಿ ಬಟ್ಟಲು ಆರಿತು, ಸೂಜಿಗಳು ಮರಳಿ ಬಂದವು. ಶಿವಾನಂದ ನನ್ನನ್ನು ಒಳಗೆ ಕಳಿಸಿದರು.

ಗಾಜಿನ ಹಿಂದೆ ನಿಂತು ಅತ್ತೆ. ಅವರು ಹರಿಯುತ್ತಿದ್ದರು, ನಾನು ನೋಡುತ್ತಿದ್ದೆ. ಎಲ್ಲವೂ ಬುಟ್ಟಿಗೆ ಬೀಳುತ್ತಿರಲಿಲ್ಲ. ಆಗಾಗ ಒಂದನ್ನು ಜಾಕೆಟ್ಟಿನೊಳಗೆ ಸೇರಿಸುತ್ತಿದ್ದರು. ಯಾಕೆಂದು ತಿಳಿಯಲಿಲ್ಲ.

ಮರುದಿನ ಗಿಡಗಳೆಲ್ಲ ಕಪ್ಪಗೆ ಜೋತುಬಿದ್ದಿದ್ದವು. ಮಂಗಳವಾರ ಮತ್ತೆ ಕೀಮೋ. ಬೆರಳು ಸರಿಹೋಗಲು ತಿಂಗಳುಗಟ್ಟಲೆ ಬೇಕಾಗಬಹುದು, ನೋವು ಪೂರ್ತಿ ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರಮ್ಮ. ಆದರೂ ಒಂದು ಬಲಿತ ಬದನೆಕಾಯಿ ಒಡೆದು ಬೀಜ ತೆಗೆದಿಟ್ಟಿದ್ದೇನೆ.

ಆ ಶನಿವಾರ ಶಿವಾನಂದ ಒಳಗೆ ಬಂದು, ಜಾಕೆಟ್ಟಿನ ಜಿಪ್ ಇಳಿಸಿ, ಹೊಟ್ಟೆಗೆ ಒತ್ತಿಕೊಂಡಿದ್ದ ಬದನೆಕಾಯಿಗಳನ್ನು ಒಂದೊಂದಾಗಿ ನನ್ನ ಬರಿಗೈಗೆ ಇಟ್ಟರು.

"ಹಿಡಿ. ಈಗ ಬೆಚ್ಚಗ ಅದಾವು."