ಪುಟ್ಟಿಯ ಗಾಡಿಯ ಸೀಟು

ನನ್ನ ಗಂಡ ಒಬ್ಬ ಗಿರಾಕಿಯ ಎರಡು ಹಲ್ಲು ಉದುರಿಸಿದ್ದು ಫೋಮಿನ ವಿಷಯಕ್ಕೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಆಮೇಲೆ ಜೈಲಿನ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತವಳು ನಾನು, ಅವರಲ್ಲ.

ಅವರು ಬೈಕಿನ ಸೀಟು ಕಟ್ಟುವವರು. ಬೀದಿಯವರ ಬಾಯಲ್ಲಿ ಸಿಡುಕು ಮೇಸ್ತ್ರಿ. ನಮ್ಮ ಅಂಗಡಿಗೆ ಬರುವುದೆಲ್ಲ ಸಣ್ಣ ಗಾಡಿಗಳು. ಎದುರಿನ ಪಂಕ್ಚರ್ ಅಂಗಡಿಯವ ಅವುಗಳನ್ನು ಸೊಳ್ಳೆಗಳು ಎನ್ನುತ್ತಾನೆ. ಆ ಸೊಳ್ಳೆಯ ಮೇಲೆ ಕೂತು ದಿನವಿಡೀ ಊರೂರು ಸುತ್ತುವ ಮಾರಾಟದವರು, ಕೊರಿಯರ್‌ನವರು, ಹಾಲಿನವರು ಸೊಂಟ ಹಿಡಿದುಕೊಂಡು ಬರುತ್ತಾರೆ. ಇವರು ಸೀಟು ಬಿಚ್ಚಿ, ಪಿನ್ನು ಕಿತ್ತು, ಹಳೆ ಫೋಮು ಎಸೆದು ಹೊಸದಾಗಿ ಕಟ್ಟಿಕೊಡುತ್ತಾರೆ. ಹ್ಯಾಂಡಲ್ ದೂರವಿದ್ದರೆ ಹತ್ತಿರ ತರುತ್ತಾರೆ, ಕಾಲು ಇಡುವ ಕಡ್ಡಿಯನ್ನು ಹಿಂದೆ ಮುಂದೆ ಮಾಡುತ್ತಾರೆ. ಹೋಗುವಾಗ ಅದೇ ಜನ ನೆಟ್ಟಗೆ ನಡೆದು ಹೋಗುತ್ತಾರೆ.

ಆ ಹಲ್ಲಿನವನಿಗೆ ಹಾಸಿಗೆಯಷ್ಟು ಮೆತ್ತಗಿನ ಸೀಟು ಬೇಕಾಗಿತ್ತು. ಮೆತ್ತಗಿನ ಫೋಮು ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಮೂಳೆ ಕೂರುವುದು ತಗಡಿನ ಮೇಲೆ. ದೂರ ಹೋಗುವವನಿಗೆ ಅಡಿಯಲ್ಲಿ ಗಟ್ಟಿಯದು, ಮೇಲೆ ತೆಳ್ಳಗೆ ಮೆತ್ತಗಿನದು ಹಾಕಬೇಕು ಎಂದು ಇವರು ಬಡಿದುಕೊಂಡರು. ಅವನು ಕೇಳಲಿಲ್ಲ. ಹೇಳಿದಂತೆ ಮಾಡಿಸಿಕೊಂಡು ಹೋದ, ವಾರ ಕಳೆದು ಬಂದು ಆ ಸೀಟನ್ನು ಇವರ ಮುಖಕ್ಕೇ ಎಸೆದು ತಾಯಿಯನ್ನು ಬೈದ. ಉಳಿದದ್ದು ನಿಮಗೆ ಗೊತ್ತು. ಜೈಲಿಂದ ಹೊರಗೆ ಬಂದ ದಿನ ಇನ್ಸ್‌ಪೆಕ್ಟರ್ ಕರೆದು ಹೇಳಿದರು, "ಮೇಸ್ತ್ರಿ, ಇನ್ನೊಂದ್ ಸಲ ಯಾರ ಮೇಲಾದ್ರೂ ಕೈ ಎತ್ತಿದ್ರೆ ಇಷ್ಟಕ್ಕೆ ಮುಗಿಯಲ್ಲ. ವರ್ಷಗಟ್ಟಲೆ ಒಳಗಿರ್ತೀಯ." ಅಂದಿನಿಂದ ಇವರು ಸಿಟ್ಟು ಬಂದರೆ ಫೋಮಿಗೆ ಚಾಕು ಹಾಕುತ್ತಾರೆ, ಗೋಡೆಗೆ ಗುದ್ದುತ್ತಾರೆ, ಲೋಟ ಎಸೆಯುತ್ತಾರೆ. ಮನುಷ್ಯರನ್ನು ಮುಟ್ಟಿರಲಿಲ್ಲ.

ಈ ಸಿಟ್ಟು ಎಲ್ಲಿಂದ ಬಂತು ಎಂದು ನಾನು ಕೇಳುವುದಿಲ್ಲ, ಅವರ ಬೆನ್ನು ನೋಡಿದ್ದೇನೆ. ನಮ್ಮ ಮಾವನೂ ಸೀಟು ಕಟ್ಟುತ್ತಿದ್ದವರೇ. ಹೊಲಿಗೆ ಒಂದು ಎಳೆ ಓರೆಯಾದರೂ ರೆಕ್ಸಿನ್ ಪಟ್ಟಿಯಲ್ಲಿ ಬಾರಿಸುತ್ತಿದ್ದರಂತೆ. ಪುಟ್ಟಿ ಇವರ ತಂಗಿ, ಹನ್ನೆರಡು ವರ್ಷ ಚಿಕ್ಕವಳು. ಅಪ್ಪನ ಕೈ ಮೇಲೆದ್ದಾಗಲೆಲ್ಲ ಅವಳು ಅಣ್ಣನ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದಳು, ಅವಳ ಪಾಲಿನದೂ ಇವರ ಮೇಲೆಯೇ ಬೀಳುತ್ತಿತ್ತು. ಆ ಗೆರೆಗಳು ಈಗಲೂ ಹಾಗೇ ಇವೆ.

ಪುಟ್ಟಿ ಸೀಟಿನ ಕವರು ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಮದುವೆಗೆ ಮುಂಚೆಯೇ ತನ್ನ ಹೆಸರಿನಲ್ಲಿ ಒಂದು ಸಣ್ಣ ಗಾಡಿ ತೆಗೆದುಕೊಂಡಿದ್ದಳು. ಮದುವೆಯಾದ ಮೇಲೆ ಅವಳು ಹಿಂದಿನ ಸೀಟಿಗೆ ಹೋದಳು, ಮುಂದೆ ಅವಳ ಗಂಡ ಕೂತ. ಅವನು ನೀರಿನ ಪಂಪಿನ ಬಿಡಿಭಾಗ ಮಾರುವವನು. ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆ. ಎಲ್ಲಿಗೆ ಹೋದರೂ ಪುಟ್ಟಿಯನ್ನು ಹಿಂದೆ ಕೂರಿಸಿಕೊಂಡೇ ಹೋಗುತ್ತಿದ್ದ. "ಹೆಂಡ್ತೀನ ಒಂದು ಗಳಿಗೆ ಬಿಟ್ಟಿರಲ್ಲ ನೋಡು" ಎಂದು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಒಬ್ಬಳನ್ನೇ ಮನೆಯಲ್ಲಿ ಬಿಡಲು ಅವನಿಗೆ ನಂಬಿಕೆಯಿಲ್ಲ ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಇಬ್ಬರೂ ಅಂಗಡಿಗೆ ಬಂದರು. ಅವನು ನಗುನಗುತ್ತಾ, "ಭಾವ, ನಿಮ್ಮ ತಂಗಿಗೆ ದೂರ ಕೂತ್ರೆ ಸೊಂಟ ನೋವಂತೆ. ಹಿಂದಿನ ಸೀಟು ಸ್ವಲ್ಪ ನೋಡಿ" ಎಂದ. ಪುಟ್ಟಿ ನೆಲ ನೋಡುತ್ತಾ, "ಹೌದಣ್ಣ, ಸೀಟು ಒತ್ತುತ್ತೆ" ಎಂದಳು.

ಬೇರೆ ಯಾರೇ ಆಗಿದ್ದರೂ ಇವರು ಮೊದಲು ಮಣ್ಣಿನ ಹಲಗೆಯ ಮೇಲೆ ಕೂರಿಸುತ್ತಿದ್ದರು. ಅದು ಇವರದೇ ಪದ್ಧತಿ. ಹಲಗೆಯ ಮೇಲೆ ಹಸಿ ಜೇಡಿಮಣ್ಣು ಹರಡಿ, ಮೇಲೊಂದು ತೆಳು ಪ್ಲಾಸ್ಟಿಕ್ ಹೊದಿಸಿ, ಅದನ್ನು ಗಾಡಿಯ ಮೇಲಿಟ್ಟು, ಒಂದು ಲೋಟ ಚಹಾ ಕುಡಿದು ಮುಗಿಸುವವರೆಗೆ ಗಿರಾಕಿ ಅದರ ಮೇಲೆ ಕೂರಬೇಕು. ಎದ್ದ ಮೇಲೆ ಯಾವ ಮೂಳೆಯ ಮೇಲೆ ಎಷ್ಟು ಭಾರ ಎಂದು ಮಣ್ಣಿನಲ್ಲೇ ಕಾಣುತ್ತದೆ. ಪುಟ್ಟಿಯ ವಿಷಯದಲ್ಲಿ ಮಾತ್ರ, "ಎತ್ತಿ ಆಡಿಸಿದವಳು, ಇವಳ ಅಳತೆ ನಂಗೊತ್ತಿಲ್ವಾ" ಎಂದು ಬಿಟ್ಟುಬಿಟ್ಟರು. ಒಳ್ಳೆಯ ಫೋಮು ಹಾಕಿ ಕಟ್ಟಿಕೊಟ್ಟರು.

ಮುಂದಿನ ತಿಂಗಳು ಮತ್ತೆ ಬಂದರು. ನೋವು ಜಾಸ್ತಿಯಾಗಿದೆಯಂತೆ. ಇವರು ಕುಲುಕು ತಡೆಯುವ ಹಿಂದಿನ ಶಾಕ್ ಸ್ಪ್ರಿಂಗು ಬದಲಾಯಿಸಿದರು. ಅದಾದ ಮೇಲೆ ಮತ್ತೊಮ್ಮೆ ಬಂದಾಗ ಕಾಲು ಇಡುವ ಕಡ್ಡಿ ಸರಿಸಿ, ಬೆನ್ನಿಗೆ ಒಂದು ಒರಗು ಕೂರಿಸಿದರು. ಪುಟ್ಟಿ ಈಗ ಗಾಡಿಯಿಂದ ಇಳಿಯುವಾಗ ತುಟಿ ಕಚ್ಚುತ್ತಿದ್ದಳು. ಇವರು ಊಟ ಬಿಟ್ಟರು. ತಾವೇ ಕಟ್ಟಿದ ಸೀಟನ್ನು ಸೀಳಿ ಎಸೆದರು, ತಲೆ ಚಚ್ಚಿಕೊಂಡರು. "ಊರವರ ಸೊಂಟ ಎಲ್ಲ ನೆಟ್ಟಗೆ ಮಾಡಿದೆ, ನನ್ನ ತಂಗೀನ ನನ್ನ ಸೀಟೇ ತಿಂತಿದೆ ಕಣೇ" ಎಂದು ಗೋಡೆಗೆ ಗುದ್ದಿದ ಪೆಟ್ಟಿಗೆ ಗಾರೆ ಉದುರಿತು. ಆ ಮನುಷ್ಯ ಚಹಾ ಹೀರುತ್ತಾ, "ಇರ್ಲಿ ಬಿಡಿ ಭಾವ, ನಿಮ್ಮ ಕೈಲಾದಷ್ಟು ಮಾಡಿದ್ದೀರಿ" ಎಂದು ಸಮಾಧಾನ ಹೇಳಿದ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಾಲ್ಕನೆಯ ಸಲ ಅವನು ಬೆಳಿಗ್ಗೆಯೇ ಗಾಡಿಯನ್ನೂ ಪುಟ್ಟಿಯನ್ನೂ ಅಂಗಡಿಯಲ್ಲಿ ಬಿಟ್ಟು, ಕೀ ಜೇಬಿಗೆ ಹಾಕಿಕೊಂಡು, ಯಾವುದೋ ಅಂಗಡಿಯವನನ್ನು ನೋಡಲು ಹೋದ. ಇವರು ಮಣ್ಣು ಕಲಸಿ ಹಲಗೆ ಇಟ್ಟರು.

"ಕೂತ್ಕೋ."

"ಬೇಡಣ್ಣ. ಹಂಗೇ ಮಾಡು."

"ಕೂತ್ಕೋ ಪುಟ್ಟಿ. ಈ ಸಲ ತಪ್ಪು ಮಾಡಲ್ಲ ನಾನು."

ಕೂತಳು. ನಾನು ಚಹಾ ಕೊಟ್ಟೆ. ಲೋಟ ಪಕ್ಕಕ್ಕಿಟ್ಟಳೇ ಹೊರತು ಕುಡಿಯಲಿಲ್ಲ, ಹಣೆಯಲ್ಲಿ ಬೆವರು. ಎದ್ದಾಗ ಇವರು ಪ್ಲಾಸ್ಟಿಕ್ ಸರಿಸಿ ಬಗ್ಗಿ ನೋಡಿದರು. ಬಲಗಡೆ ಸ್ವಲ್ಪ ಕುಳಿ ಬಿದ್ದಿತ್ತು. ಎಡಗಡೆ ಮಣ್ಣು ಹರಡಿದ ಹಾಗೇ ಇತ್ತು. ಎರಡು ಪಕ್ಕದಲ್ಲಿ ಎರಡು ಅಂಗೈ ಗುರುತು ಮಾತ್ರ ಬೆರಳು ಬೆರಳು ಎಣಿಸುವಷ್ಟು ಆಳಕ್ಕೆ ಇಳಿದಿದ್ದವು.

"ನೀನು ಕೂತೇ ಇಲ್ಲ" ಎಂದರು ಇವರು, ಬಹಳ ನಿಧಾನವಾಗಿ. "ಕೈ ಊರಿ ನಿಂತಿದ್ದೀಯ. ಸೀಟಿನ ನೋವು ಎರಡೂ ಕಡೆ ಬರುತ್ತೆ ಪುಟ್ಟಿ. ಇದು ಸೀಟಲ್ಲ."

ಅವಳನ್ನು ನಾನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿದೆ. ಎಡ ಸೊಂಟದಿಂದ ಬಾಲಮೂಳೆಯವರೆಗೆ ಕಪ್ಪು, ಅದರ ಕೆಳಗೆ ಹಸಿರು, ಅದಕ್ಕೂ ಹಳೆಯದು ಹಳದಿ. ಹೊಸ ಗಾಯದಲ್ಲಿ ಬೂಟಿನ ಅಟ್ಟೆಯ ಗೆರೆಗಳು ಎದ್ದು ಕಾಣುತ್ತಿದ್ದವು. ನನ್ನ ಬಾಯಿಂದ ಏನು ಬಂತೋ ಗೊತ್ತಿಲ್ಲ, ಇವರು ಪರದೆ ಕಿತ್ತು ಒಳಗೆ ಬಂದೇ ಬಿಟ್ಟರು. ನೋಡಿದರು. ತಿರುಗಿದರು. ಫೋಮು ಕೊಯ್ಯುವ ಉದ್ದ ಚಾಕು ಕೈಯಲ್ಲಿತ್ತು.

ನಾನು ಓಡಿಹೋಗಿ ಶಟರ್ ಎಳೆದು ಅಡ್ಡ ನಿಂತೆ. ನನ್ನನ್ನು ಹಿಡಿದು ಪಕ್ಕಕ್ಕೆ ತಳ್ಳಿದರು, ತಲೆ ಗೋಡೆಗೆ ಬಡಿಯಿತು. ನಾನೂ ಸುಮ್ಮನಿರುವ ಪೈಕಿಯಲ್ಲ, ಎದ್ದು ಬಂದು ಕಪಾಳಕ್ಕೆ ಬಿಟ್ಟೆ.

"ಕೊಂದು ಬನ್ನಿ ಹೋಗಿ. ನಾನು ಮತ್ತೆ ಡಬ್ಬಿ ಹಿಡ್ಕೊಂಡು ಜೈಲಿಗೆ ಅಲೀತೀನಿ. ಇವಳನ್ನ ಯಾರು ನೋಡ್ಕೋತಾರೆ?"

ಪುಟ್ಟಿ ಪರದೆಯ ಕಂಬ ಹಿಡಿದು ನಿಂತಿದ್ದಳು. "ಇದಕ್ಕೇ ಅಣ್ಣ, ನಾನು ಹೇಳದೆ ಇದ್ದಿದ್ದು" ಎಂದಳು. "ಪ್ರತಿ ಸಲ ಒದ್ದು ಆದ್ಮೇಲೆ ಅವನೇ ಹೇಳ್ತಾನೆ. 'ಹೋಗು, ಹೇಳು ನಿಮ್ಮಣ್ಣಂಗೆ. ಅವನು ಒಂದೇಟು ಹೊಡೀತಾನೆ, ಒಳಗೆ ಹೋಗ್ತಾನೆ. ಆಮೇಲೆ ನಿಂಗೆ ಯಾರಿದ್ದಾರೆ' ಅಂತ."

ಇವರ ಕೈಯಿಂದ ಚಾಕು ಬಿತ್ತು. ಮುಖ ಬೂದಿಯಾಗಿತ್ತು. "ನಾನು ಫೋಮು ಬದಲಾಯಿಸ್ತಾ ಕೂತಿದ್ದೆ" ಎಂದರು. "ಶಾಕ್ ಹಾಕಿದೆ. ಒರಗು ಹಾಕಿದೆ." ಆಮೇಲೆ ಮೂಲೆಯಲ್ಲಿ ಕೂತು ಹಸುಗೂಸಿನ ಹಾಗೆ ಅತ್ತರು.

ಮಧ್ಯಾಹ್ನ ಅವನು ಬಂದ. ಅರ್ಧ ಎತ್ತಿದ್ದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದು, "ಏನ್ ಭಾವ, ಆಯ್ತಾ ಸೀಟು?" ಎಂದ. ನಮ್ಮ ಮುಖ ನೋಡಿದ, ಮಣ್ಣಿನ ಹಲಗೆ ನೋಡಿದ, ಅರ್ಥ ಮಾಡಿಕೊಂಡ. ಹೆದರಲಿಲ್ಲ ಆ ಪಾಪಿ. ಅವನ ತುಟಿಯ ಕೊನೆ ಮೇಲೆ ಹೋಯಿತು.

"ನಡಿಯೇ" ಎಂದು ಪುಟ್ಟಿಯ ಜಡೆ ಹಿಡಿದು ಎಳೆದ. ಎಳೆಯುವಾಗ ಅವನ ಕಣ್ಣು ಅವಳ ಮೇಲಿರಲಿಲ್ಲ, ನನ್ನ ಗಂಡನ ಮೇಲಿತ್ತು. ಬೀದಿಗೆ ತಂದು ಎಲ್ಲರೂ ನೋಡುತ್ತಿದ್ದಂತೆ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಬಂತು. "ಬಾ ಭಾವ" ಎಂದ. "ನಿನ್ನ ತಂಗಿ ತಾನೇ. ಬಾ, ಹೊಡಿ. ಹೊಡೆಯೋ ಗಂಡಸಾದ್ರೆ."

ಇವರು ಎದ್ದರು. ಹೊರಗೆ ಹೋಗಲಿಲ್ಲ. ಬಾಗಿಲ ಪಕ್ಕದ ಮೇಜಿಗೆ ಹೋಗಿ, ಪೈಪು ಹಿಡಿದು ಬಿಗಿಯುವ ಕಬ್ಬಿಣದ ವೈಸಿನ ಬಾಯಲ್ಲಿ ತಮ್ಮ ಬಲಗೈ ಇಟ್ಟರು, ಎಡಗೈಯಲ್ಲಿ ಹಿಡಿಕೆ ತಿರುಗಿಸಿದರು. ಅವನು ಪುಟ್ಟಿಗೆ ಇನ್ನೊಂದು ಹೊಡೆದ. ಇವರು ಇನ್ನೊಂದು ಸುತ್ತು ತಿರುಗಿಸಿದರು. ಅವನು ಮಂಡಿಯಿಂದ ಅವಳ ಸೊಂಟಕ್ಕೆ ಗುದ್ದಿದ. ಇವರು ಮತ್ತೆ ತಿರುಗಿಸಿದರು. ಒಣ ಕಡ್ಡಿ ಮುರಿದಂಥ ಸದ್ದು ನನಗೆ ಕೇಳಿಸಿತು. ರಕ್ತ ವೈಸಿನಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿತು.

ಇನ್ಸ್‌ಪೆಕ್ಟರ್ ಎಚ್ಚರಿಕೆ ಕೊಟ್ಟದ್ದು ನನ್ನ ಗಂಡನಿಗೆ. ನನಗೆ ಯಾರೂ ಏನೂ ಹೇಳಿರಲಿಲ್ಲ.

ಸೀಟಿನ ತಗಡು ತಟ್ಟುವ ಮರದ ಕೊಡತಿ ಕೈಗೆ ಸಿಕ್ಕಿತು. ಜಡೆ ಹಿಡಿದಿದ್ದ ಅವನ ಕೈಯ ಮಣಿಕಟ್ಟಿಗೆ ಗುರಿ ನೋಡಿ ಬಿಟ್ಟೆ. ಕೂಗಿಕೊಂಡು ಜಡೆ ಬಿಟ್ಟ. ಎರಡನೆಯದು ಮಂಡಿಗೆ. ಬಿದ್ದ. ಮೂರನೆಯದು ಎಲ್ಲಿಗೆ ಬೀಳುತ್ತಿತ್ತೋ, ಪಂಕ್ಚರ್ ಅಂಗಡಿಯವ ಹಿಂದಿನಿಂದ ಬಂದು ನನ್ನನ್ನು ಅಪ್ಪಿ ಹಿಡಿದ. "ಸಾಕು ಅಕ್ಕ, ಸಾಕು, ಸತ್ತೋಗ್ತಾನೆ" ಎಂದ. "ಸಾಯ್ಲಿ" ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಪುಟ್ಟಿ ಕುಂಟುತ್ತಾ ಬಂದಳು. ನೆಲದ ಮೇಲೆ ನರಳುತ್ತಿದ್ದವನ ಜೇಬಿಗೆ ಕೈ ಹಾಕಿ ತನ್ನ ಗಾಡಿಯ ಕೀ ತೆಗೆದುಕೊಂಡಳು.

ಸ್ಟೇಷನ್ನಿನಲ್ಲಿ ಅದೇ ಇನ್ಸ್‌ಪೆಕ್ಟರ್. ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ ಇವರನ್ನು ನೋಡಿ, "ಮತ್ತೆ ಶುರು ಮಾಡಿದ್ಯಾ ಮೇಸ್ತ್ರಿ? ಅವನನ್ನ ಹೊಡೆದಿದ್ದು ನೀನು ತಾನೇ?" ಎಂದರು.

"ಇಲ್ಲ ಸಾರ್. ನನ್ನ ಕೈ ವೈಸಲ್ಲಿತ್ತು."

ಇಡೀ ಬೀದಿ ಸಾಕ್ಷಿ ಹೇಳಿತು. ಪುಟ್ಟಿಯ ಗಾಯ ನೋಡಿದ ಡಾಕ್ಟರಮ್ಮ, ಬಾಲಮೂಳೆ ಬಿರುಕು ಬಿಟ್ಟಿದೆ, ಹಳೆಯ ಪೆಟ್ಟುಗಳೂ ಇವೆ ಎಂದು ಬರೆದುಕೊಟ್ಟರು. ಒಳಗೆ ಹೋದದ್ದು ಅವನು. ನನಗೂ ಈಗ ಒಂದು ಎಚ್ಚರಿಕೆ ಇದೆ, ಮನೆಯಲ್ಲಿ ಇಬ್ಬರಿಗೂ ಸರಿಸಮ.

ಪುಟ್ಟಿ ನಮ್ಮ ಮನೆಯಲ್ಲೇ ಇದ್ದು ಚೇತರಿಸಿಕೊಂಡಳು. ಮೊದಲು ಬೋರಲು ಮಲಗುತ್ತಿದ್ದಳು, ಆಮೇಲೆ ನಿಂತು ಊಟ ಮಾಡುತ್ತಿದ್ದಳು, ಒಂದು ದಿನ ಮಣೆಯ ಮೇಲೆ ಕೂತಳು. ದೂರದ ಊರಿನಲ್ಲಿ ನಮ್ಮ ದೊಡ್ಡತ್ತೆ ಇದ್ದಾರೆ, ಅಲ್ಲಿನ ಬಸ್ ಸೀಟಿನ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗಾಡಿಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದಳು. ಇಡೀ ಹಗಲಿನ ದಾರಿ.

ಇವರು ಮತ್ತೆ ಮಣ್ಣಿನ ಹಲಗೆ ಇಟ್ಟರು. ಈ ಸಲ ಮುಂದಿನ ಸೀಟಿಗೆ. ಮಣ್ಣಿನಲ್ಲಿ ಅಂಗೈ ಗುರುತಿರಲಿಲ್ಲ. ಹಿಂದಿನ ಸೀಟು, ಒರಗು, ಕಾಲು ಇಡುವ ಕಡ್ಡಿ ಎಲ್ಲವನ್ನೂ ಬಿಚ್ಚಿ ಎಸೆದು ಅಲ್ಲೊಂದು ಪೆಟ್ಟಿಗೆ ಕೂರಿಸಿದರು. ಹ್ಯಾಂಡಲ್ಲನ್ನು ಅವಳ ಕೈಗೆ ತಂದರು. ಬಾಲಮೂಳೆ ಎಲ್ಲಿಗೂ ತಾಗದಂತೆ ಸೀಟಿನ ಹಿಂಬದಿಯಲ್ಲಿ ಸೀಳು ಬಿಟ್ಟರು. ಇಷ್ಟೂ ಎಡಗೈಯಲ್ಲಿ. ಬಲಗೈಯ ಎರಡು ಬೆರಳು ಆಗಲೇ ಮಡಿಸಿದ ಹಾಗೇ ನಿಂತುಬಿಟ್ಟಿದ್ದವು. ಚಾಕು ಜಾರುತ್ತಿತ್ತು, ಬೈದುಕೊಳ್ಳುತ್ತಿದ್ದರು, ಒಂದು ಲೋಟವೂ ಹೋಯಿತು. ನಾನು ಕೊಯ್ದುಕೊಡುತ್ತೇನೆ ಎಂದರೆ ಮುಟ್ಟಲು ಬಿಡಲಿಲ್ಲ.

ಹೊರಟಳು. ತಿರುವಿನಲ್ಲಿ ಒಂದು ಸಲ ಹಾರ್ನ್ ಹೊಡೆದಳು. ಇವರು ಅವತ್ತು ಯಾವ ಗಿರಾಕಿಯನ್ನೂ ಮಾತಾಡಿಸಲಿಲ್ಲ, ಫೋನನ್ನು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು. ಅರ್ಧ ದಾರಿಯಿಂದ ಅವಳು ಫೋನ್ ಮಾಡಿದಳು.

"ಅಣ್ಣ, ಚಹಾಕ್ಕೆ ನಿಲ್ಲಿಸಿದ್ದೀನಿ. ಎಲ್ಲಾ ಚೆನ್ನಾಗಿದೆ. ಎಡಗಡೆ ಒಂಚೂರು ಒತ್ತುತ್ತೆ."

ಇವರ ಮುಖದ ಬಣ್ಣ ಹೋಯಿತು.

"ಸೀಟಾ, ಪುಟ್ಟಿ?"

"ಸೀಟೇ ಅಣ್ಣ" ಎಂದಳು. "ನಿಜವಾಗ್ಲೂ ಸೀಟೇ. ಎಡಗಡೆ ಫೋಮು ದಪ್ಪ ಆಗಿದೆ ನೋಡು, ಓರೆ ಕೊಯ್ದಿದ್ದೀಯ."

"ಬಂದಾಗ ಸರಿ ಮಾಡ್ಕೊಡ್ತೀನಿ" ಎಂದು ಫೋನ್ ಇಟ್ಟರು. ಮಡಿಸಿದ ಬೆರಳಿನಲ್ಲೇ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ಸೀಟಂತೆ ಕಣೇ" ಎಂದರು.