ರಾಹುಕಾಲದಲ್ಲಿ ಬಂದ ಕೀ

ಆ ಶುಕ್ರವಾರ ಬೆಳಿಗ್ಗೆ ಚನ್ನಪಟ್ಟಣದ ನಮ್ಮ ಟಾಕೀಸಿನ ಗೇಟು ತೆಗೆಸಿದಾಗ ರಸ್ತೆ ಕಾಣದಷ್ಟು ಜನ ನಿಂತಿದ್ದರು. ಎಷ್ಟೋ ತಿಂಗಳ ಮೇಲೆ ಹಾಗೆ ಜನ ಸೇರಿದ್ದರು. ಮ್ಯಾನೇಜರಾದ ನಾನು ಖುಷಿಪಡಬೇಕಾಗಿತ್ತು. ಆದರೆ ನಾನು ಸೋಮವಾರದ ಲೆಕ್ಕ ಹಾಕುತ್ತಿದ್ದೆ. ಅವತ್ತು ಬಿಡುಗಡೆಯಾಗುತ್ತಿದ್ದ ಚಿತ್ರ ಓಡಿದರೆ ಟಾಕೀಸು ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರ ಸೀಟು ಬಿಚ್ಚುವವರು ಬರುತ್ತಾರೆ ಎಂದು ಟಾಕೀಸಿನ ಯಜಮಾನರು ಹೇಳಿಯಾಗಿತ್ತು. ಅವರ ಅಳಿಯ ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸಲು ನಕ್ಷೆ ಬರೆಸಿಟ್ಟುಕೊಂಡು ಕಾಯುತ್ತಿದ್ದರು.

ಅಳಿಯನದು ತಪ್ಪು ಲೆಕ್ಕವೇನಲ್ಲ. ದಿನಾ ಬೆಳಿಗ್ಗೆ ಸಿನಿಮಾ ವ್ಯಾಪಾರದ ಸುದ್ದಿ ಓದುವುದು ನನ್ನ ಅಭ್ಯಾಸ. ಯಾವ ಊರಿನ ಟಾಕೀಸಿಗೆ ಬೀಗ ಬಿತ್ತು, ಯಾವ ಚಿತ್ರ ನಾಲ್ಕನೇ ವಾರಕ್ಕೇ ಮೊಬೈಲಿಗೆ ಬಂತು, ಹಳೇ ಚಿತ್ರವನ್ನು ಮತ್ತೆ ಬಿಟ್ಟು ಗೆದ್ದವರು ಯಾರು, ಎಲ್ಲ ಗೊತ್ತಿರುತ್ತದೆ. ವೀಡಿಯೊ ಗೇಮಿನ ವ್ಯಾಪಾರ ಸಿನಿಮಾದ ವ್ಯಾಪಾರವನ್ನು ಹಿಂದೆ ಹಾಕಿದೆ, ಗೇಮಿನ ಫೈನಲ್ ಪಂದ್ಯವನ್ನು ಕೆಲವು ಕಡೆ ಟಿಕೆಟ್ ಕೊಟ್ಟು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ, ನಾವೂ ಭಾನುವಾರ ತೋರಿಸಿ ನೋಡೋಣ ಎಂದು ಯಜಮಾನರಿಗೆ ಒಮ್ಮೆ ಹೇಳಿದ್ದೆ. "ನಮ್ದು ಟಾಕೀಸು ಕಣವ್ವ, ಮಕ್ಳಾಟದ ಅಂಗ್ಡಿ ಅಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ನಮ್ಮದು ವಿರೂಪಾಕ್ಷಿಪುರದ ಕಡೆ ಕುರಿ ಸಾಕುವ ಮನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಇದೇ ಟಾಕೀಸಿನ ಟಿಕೆಟ್ ಕಿಂಡಿ. ಇಂಟರ್ವಲ್ ಬೆಲ್ಲಿನ ನಡುವೆ ಅಕೌಂಟೆನ್ಸಿ ಓದಿ ಬಿ.ಕಾಂ. ಪಾಸು ಮಾಡಿದೆ. ಮ್ಯಾನೇಜರ್ ಮಾಡಿದ ದಿನ ಬಾಗಿಲಿನ ಬೋರ್ಡಿಗೆ ನನ್ನ ಹೆಸರು, ಅದರ ಮುಂದೆ ಡಿಗ್ರಿ ಬರೆಸಿದ್ದು ಯಜಮಾನರೇ. ನನ್ನಪ್ಪ ಬಂದು ಆ ಬೋರ್ಡನ್ನು ಕೈಯಲ್ಲಿ ಮುಟ್ಟಿ ನೋಡಿದ್ದ. ಆ ಬಾಗಿಲನ್ನು ಯಾರೋ ಕಿತ್ತು ಎಸೆಯುವುದನ್ನು ನೋಡಿಕೊಂಡು ನಿಲ್ಲಲು ನಾನು ತಯಾರಿರಲಿಲ್ಲ.

ಈಗ ರೀಲಿನ ಡಬ್ಬ ಬರುವುದಿಲ್ಲ. ಚಿತ್ರ ಕಂಪ್ಯೂಟರಿಗೆ ಮೊದಲೇ ಬಂದು ಕೂತಿರುತ್ತದೆ, ಬೀಗ ಹಾಕಿಕೊಂಡು. ಅದನ್ನು ತೆಗೆಯುವ ಕೀ ಗಾಂಧಿನಗರದ ವಿತರಕರ ಆಫೀಸಿನಿಂದ ಮೇಲ್‌ನಲ್ಲಿ ಬರಬೇಕು. ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ತೆರೆಯಬೇಕು ಎನ್ನುವುದನ್ನೂ ಅದರಲ್ಲೇ ಬರೆದಿರುತ್ತಾರೆ. ಅವತ್ತು ಕೀ ಬಂದಾಗ ಹತ್ತು ಗಂಟೆಗೆ ಸ್ವಲ್ಪ ಕಡಿಮೆ. ಹಾಕಿ ನೋಡಿದೆ. ಚಿತ್ರ ಮಧ್ಯಾಹ್ನ ಹನ್ನೆರಡಕ್ಕೆ ತೆರೆಯುತ್ತದೆ ಎಂದು ತೋರಿಸಿತು. ನಮ್ಮ ಆಟ ಹತ್ತೂಕಾಲಿಗೆ. ಜನ ಆಗಲೇ ಒಳಗೆ ಕೂತು ಶಿಳ್ಳೆ ಹಾಕುತ್ತಿದ್ದರು.

ಆಫೀಸಿಗೆ ಫೋನು ಮಾಡಿದರೆ ಅವರು ಗಾಬರಿಯಾಗಲೇ ಇಲ್ಲ. ನಿಮ್ಮ ಯಜಮಾನರೇ ನಿನ್ನೆ ಹೇಳಿದ್ದು, ರಾಹುಕಾಲ ಕಳೆದ ಮೇಲೆ ಕೊಡಿ ಅಂತ, ಹಾಗೇ ಮಾಡಿದ್ದೇವೆ ಎಂದರು. ಹೊಸ ಕೀ ಬೇಕಾದರೆ ಕಾಯಬೇಕು, ಇವತ್ತು ಎಲ್ಲ ಊರಿನವರೂ ಕೇಳುತ್ತಿದ್ದಾರೆ ಎಂದು ಫೋನಿಟ್ಟರು.

ಅಷ್ಟರಲ್ಲಿ ಯಜಮಾನರು ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಿಕೊಂಡು, ಹಣೆಯಲ್ಲಿ ಸಿಂಧೂರ, ಕೈಯಲ್ಲಿ ತೆಂಗಿನಕಾಯಿ ಹೋಳು ಹಿಡಿದು ಬಂದರು. ವಿಷಯ ಹೇಳಿದೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ರೀಲಿನ ಕಾಲದಲ್ಲಿ ಡಬ್ಬ ರಾಹುಕಾಲದಲ್ಲಿ ಬಂದರೆ ಅವರು ಗೇಟಿನೊಳಗೆ ಬಿಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ತಂದವನು ಎದುರಿನ ಕಟ್ಟೆಯ ಮೇಲೆ ಇಟ್ಟುಕೊಂಡು ಕಾಯಬೇಕಿತ್ತು. ಗುರುವಾರ ಆಫೀಸಿನವರು ಕೀ ಯಾವಾಗ ಕೊಡೋಣ ಎಂದಾಗ, ಅದೂ ಒಂದು ಡಬ್ಬವೇ ಎಂದುಕೊಂಡು ಅವತ್ತಿನ ಮಧ್ಯಾಹ್ನದ ರಾಹುಕಾಲ ಕಳೆಯಲಿ ಎಂದಿದ್ದಾರೆ. ಆಫೀಸಿನವರು ಅದನ್ನು ಶುಕ್ರವಾರದ ಆಟಕ್ಕೆ ಹೇಳಿದ ಮಾತು ಎಂದುಕೊಂಡಿದ್ದಾರೆ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

"ನಾನೇ ಮಾಡ್ದಂಗಾಯ್ತಲ್ಲವ್ವ" ಎಂದು ಕುರ್ಚಿಯಲ್ಲಿ ಕೂತರು. ತೆಂಗಿನಕಾಯಿ ಹೋಳನ್ನು ಕೆಳಗಿಡಲೂ ಇಲ್ಲ.

ಹತ್ತೂಕಾಲು ದಾಟಿತು. ಮೊದಲು ಚಪ್ಪಾಳೆ, ಆಮೇಲೆ ಸೀಟು ಬಡಿಯುವ ಸದ್ದು. ಯಾರೋ ಎಸೆದ ನೀರಿನ ಬಾಟಲಿ ಪರದೆಗೆ ಬಿತ್ತು. ಪರದೆ ಹರಿದರೆ ಅಳಿಯನಿಗೆ ಸೋಮವಾರದವರೆಗೂ ಕಾಯುವ ಕೆಲಸವಿರಲಿಲ್ಲ. ನಾನು ಒಳಗೆ ಹೋದೆ. ಚಿತ್ರದ ನಾಯಕನ ಅಭಿಮಾನಿ ಸಂಘದ ಅಧ್ಯಕ್ಷ, ನಮ್ಮ ಊರಿನಲ್ಲೇ ಆಟೋ ಓಡಿಸುವವನು, ಪರದೆಯ ಮುಂದಿನ ಕಟ್ಟೆ ಹತ್ತಿ ನಿಂತಿದ್ದ.

"ಏನಕ್ಕಾ, ಪಿಚ್ಚರ್ ಬುಡ್ತೀರೋ, ಇಲ್ಲ ನಾವೇ ಬಂದು ಮಿಷಿನ್ ತಿರುಗ್ಸಣೋ? ರಾಮನಗರದಲ್ಲಿ ಆಗ್ಲೇ ಸುರುವಾಗೈತಂತೆ."

ಸುಳ್ಳು ಹೇಳಲಿಲ್ಲ. ಕೀ ತಪ್ಪಾಗಿ ಬಂದಿದೆ, ಸರಿಯಾದ್ದು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದೆ. ಹಿಂದಿನಿಂದ ಕೂಗು ಎದ್ದಿತು. ಆಗ ಅವನ ಕೈಯಲ್ಲಿದ್ದ ಫೋನು ಕಂಡಿತು. ಅಷ್ಟು ಗಲಾಟೆಯಲ್ಲೂ ಗೇಮ್ ತೆರೆದೇ ಇತ್ತು. ನಾಲ್ಕು ಜನ ಒಂದು ದ್ವೀಪಕ್ಕೆ ಇಳಿದು, ಕೊನೆಯವರೆಗೆ ಉಳಿದರೆ ಗೆದ್ದಂತೆ, ಅಂಥದ್ದು.

"ನಿನ್ ಫೋನ್ ಕೊಡು, ಮೇಲಿನ ರೂಮಿಗೆ ಬಾ" ಎಂದೆ.

ಹಿಂದಿನ ವರ್ಷ ಕ್ರಿಕೆಟ್ ತೋರಿಸೋಣವೆಂದು ತಂದು, ಅನುಮತಿ ಸಿಗದೆ ಬಿಟ್ಟಿದ್ದ ಒಂದು ಕೇಬಲ್ಲು ಅಲ್ಲಿ, ಪ್ರೊಜೆಕ್ಟರ್ ರೂಮಿನಲ್ಲಿ ಬಿದ್ದಿತ್ತು. ಅದರ ಒಂದು ತುದಿಯನ್ನು ಪ್ರೊಜೆಕ್ಟರಿಗೆ, ಇನ್ನೊಂದನ್ನು ಅವನ ಫೋನಿಗೆ ಸಿಕ್ಕಿಸಿದೆ. ಪರದೆ ಬೆಳಗಿತು. ವಿಮಾನದಿಂದ ಮನುಷ್ಯ ಹಾರಿದ್ದು ಟಾಕೀಸಿನ ಅಗಲಕ್ಕೂ ಕಂಡಿತು, ಗಾಳಿಯ ಸದ್ದು ನಾಲ್ಕೂ ಗೋಡೆಯಿಂದ ಬಂತು. ಸೀಟು ಬಡಿಯುವುದು ನಿಂತಿತು. ಅಧ್ಯಕ್ಷನ ಜೊತೆ ಆಡುವ ಉಳಿದ ಮೂವರು ಬಾಲ್ಕನಿಯಲ್ಲೇ ಕೂತಿದ್ದರು. "ಲೇ, ಬಲಗಡೆ ಮನೆ ಹಿಂದೆ ಅವ್ನೆ ಕಣ್ಲಾ" ಎಂದು ಯಾರೋ ಕೂಗಿದರು. ಅಲ್ಲಿಂದ ಇಡೀ ಹಾಲ್ ದಾರಿ ತೋರಿಸತೊಡಗಿತು. ಅಧ್ಯಕ್ಷ ಅಂಗಿಯ ತೋಳು ಮೇಲೇರಿಸಿಕೊಂಡ. ಆಟೋ ಓಡಿಸುವಾಗ ಅವನನ್ನು ಅಷ್ಟು ಜನ ಯಾವತ್ತೂ ಗಮನವಿಟ್ಟು ನೋಡಿರಲಿಲ್ಲ.

ನನಗೆ ಮಾತ್ರ ಆಟ ಕಾಣುತ್ತಿರಲಿಲ್ಲ. ಅವನು ಗೇಮಿನಲ್ಲಿ ಸತ್ತರೆ ಮತ್ತೆ ಬಾಟಲಿ ಬೀಳುತ್ತದೆ. ಮೇಲ್ ತೆರೆಯುವುದು, ಮುಚ್ಚುವುದು, ಇದೇ ಆಯಿತು.

ಹತ್ತೂ ಐವತ್ತರ ಹೊತ್ತಿಗೆ ಹೊಸ ಕೀ ಬಂತು. ಹಾಕಿದೆ, ಬೀಗ ಬಿಟ್ಟಿತು. ಬಟನ್ ಒತ್ತುವ ಮೊದಲು ತಿರುಗಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಡು ರಾಹುಕಾಲ. ಟಾಕೀಸು ಕಟ್ಟಿದಾಗಿನಿಂದ ಅವರು ಆ ಹೊತ್ತಿನಲ್ಲಿ ಹೊಸ ಚಿತ್ರ ಶುರು ಮಾಡಿದವರಲ್ಲ. ಹನ್ನೆರಡಾಗಲಿ ಎನ್ನುವುದು ಅವರ ಮುಖದಲ್ಲೇ ಇತ್ತು. ಜನ ಅಲ್ಲಿಯವರೆಗೆ ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಅವರ ಮಾತು ಮೀರಿ ಒತ್ತಬಹುದಿತ್ತು. ಒತ್ತಲಿಲ್ಲ. ಟಾಕೀಸು ಅವರದು.

ಅವರು ಪರದೆಯ ಕಡೆ ನೋಡುತ್ತಲೇ ಇದ್ದರು. ಆಮೇಲೆ ಕೇಳಿದರು.

"ಇವನ ಆಟ ಎಷ್ಟೊತ್ತಿಗೆ ಹಾಕ್ದೆ?"

"ಹತ್ತೂ ಇಪ್ಪತ್ತೈದಕ್ಕೆ, ಯಜಮಾನ್ರೇ."

"ದಿಟವಾಗ್ಲೂ?"

"ಗಡಿಯಾರ ನೋಡ್ಕೊಂಡೇ ಹಾಕಿದ್ದು."

"ಅಂಗಾರೆ ರಾಹುಕಾಲಕ್ಕೆ ಮುಂಚೇನೇ ಪರದೆ ಮೇಲೆ ಬೆಳಕು ಬಿದ್ದೈತೆ. ಸುರುವಾಗಿರೋದನ್ನ ಮುಂದ್ವರ್ಸೋಕೆ ದೋಸ ಇಲ್ಲ. ಬುಡು."

ಚಿತ್ರ ಬಿಟ್ಟೆ. ಗೆಲ್ಲಲು ಎದುರಾಳಿಗಳು ಇನ್ನಿಬ್ಬರು ಮಾತ್ರ ಉಳಿದಿದ್ದರು ಎಂದು ಅಧ್ಯಕ್ಷ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾನೆ.

ಆ ಚಿತ್ರ ಎರಡನೇ ವಾರ ದಾಟಲಿಲ್ಲ. ಚೆನ್ನಾಗಿಯೂ ಇರಲಿಲ್ಲ. ಆದರೆ ಅವತ್ತು ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ, ಪರದೆ ಹರಿಯಲಿಲ್ಲ. ಸೋಮವಾರ ಅಳಿಯ ಸ್ಪ್ಯಾನರ್ ಹಿಡಿದ ಇಬ್ಬರ ಜೊತೆ ಬಂದರು. ಯಜಮಾನರು ಅವರನ್ನು ಗೇಟಿನ ಹೊರಗೇ ನಿಲ್ಲಿಸಿ, ಒಸಿ ದಿನ ತಡೀರಿ ಎಂದು ಕಾಫಿ ಕೊಡಿಸಿ ಕಳಿಸಿದರು. ಎಷ್ಟು ದಿನ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ನನ್ನ ರೂಮಿಗೆ ಬಂದು, ಗೋಡೆಯ ಕ್ಯಾಲೆಂಡರ್ ಹತ್ತಿರ ಕನ್ನಡಕ ಏರಿಸಿಕೊಂಡು ನಿಂತರು.

"ಆ ಆಟೋದವನ್ನ ಕೇಳು, ಭಾನ್ವಾರ ಅವನ ತಂಡ ಬತ್ತದಾ ಅಂತ. ಭಾನ್ವಾರ ರಾಹುಕಾಲ ನಾಕೂವರೆಗೆ. ಆಟ ನಾಕೂಕಾಲಿಗೇ ಸುರುವಾಗ್ಬೇಕು, ನೋಡ್ಕೊ."